ತೂಕ ನೋಡಿ ತಂದ ಕಾರ್ಡು

ಭಟ್ಕಳದ ಅಂಗಡಿಯಲ್ಲಿ ನಿಂತು ನಾನು ತಂಗಿಗೆ ಒಂದು ಫೋನ್ ಮಾಡಲಿಲ್ಲ. ಕಿಸೆಯಲ್ಲಿ ಫೋನ್ ಇತ್ತು. ಅಂಗಡಿಯವನೇ ಒಮ್ಮೆ ಕೇಳಿ ನೋಡಿ ಎಂದೂ ಹೇಳಿದ. ನಾನು ಕೇಳಲಿಲ್ಲ. ಬೇಕೆಂದೇ ಕೇಳಲಿಲ್ಲ.

ನಾನು ಅಘನಾಶಿನಿಯಲ್ಲಿ ದೋಣಿ ಇಂಜಿನ್ ರಿಪೇರಿ ಮಾಡುವವನು. ಏಳನೇ ಇಯತ್ತೆಗೇ ಶಾಲೆ ಬಿಟ್ಟೆ. ತಂಗಿ ಓದಿದಳು. ಈಗ ಮನೆಯ ಒಂದು ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಮದುವೆ ವಿಡಿಯೋ ಎಡಿಟ್ ಮಾಡುತ್ತಾಳೆ. ಕುಮಟಾ, ಹೊನ್ನಾವರದ ಫೋಟೋಗ್ರಾಫರುಗಳು ಅವಳಿಗೆ ಕೆಲಸ ತಂದುಕೊಡುತ್ತಾರೆ.

ಅವಳ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡು ಸುಟ್ಟುಹೋಯಿತು. ಪರದೆಯ ಮೇಲೆ ಚಿತ್ರ ಮೂಡಿಸುವುದು, ವಿಡಿಯೋ ಬೇಗ ತಯಾರು ಮಾಡುವುದು ಅದರ ಕೆಲಸ. ನಾನು ಇಂಜಿನ್ ಸಾಮಾನು ತರಲು ಭಟ್ಕಳಕ್ಕೆ ಹೊರಟಿದ್ದೆ. ಬೇಕಾದ ಕಾರ್ಡಿನ ಹೆಸರನ್ನು ಅವಳು ಚೀಟಿಯಲ್ಲಿ ಬರೆದುಕೊಟ್ಟಳು. ಕೆಲಸ ಕೊಡಲು ಬಂದಿದ್ದ ಒಬ್ಬ ಫೋಟೋಗ್ರಾಫರ್ ಅಲ್ಲೇ ಕುಳಿತಿದ್ದ.

"ಚೀಟಿ ತೋರ್ಸು ಸಾಕು ಅಣ್ಣ, ನೀ ಎಂತದೂ ಮಾತಾಡ್ಬೇಡ. ಇದು ನಿನ್ನ ದೋಣಿ ಇಂಜಿನ್ ಅಲ್ಲ."

ಫೋಟೋಗ್ರಾಫರ್ ನಕ್ಕ. ಅವಳೂ ನಕ್ಕಳು. ಶರಾವತಿ ಸೇತುವೆ ದಾಟುವಾಗಲೂ ಆ ನಗು ನನ್ನ ಕಿವಿಯಲ್ಲೇ ಇತ್ತು.

ಚೀಟಿಯಲ್ಲಿದ್ದ ಕಾರ್ಡು ಅಂಗಡಿಯಲ್ಲಿ ಇರಲಿಲ್ಲ. ಅಂಗಡಿಯವನು ಬೇರೆ ಎರಡನ್ನು ಮೇಜಿನ ಮೇಲಿಟ್ಟ. ಒಂದು ಹೊಸ ಮಾಡೆಲ್ಲು. ಅಂಗೈಗಿಂತ ತುಸು ದೊಡ್ಡದು, ಒಂದೇ ಫ್ಯಾನು, ಆರು ಜಿಬಿ ಮೆಮೊರಿ. ಇನ್ನೊಂದು ಕೆಲವು ವರ್ಷ ಹಿಂದಿನ ಮಾಡೆಲ್ಲು. ಎರಡು ಫ್ಯಾನು, ಎಂಟು ಜಿಬಿ, ಇಟ್ಟಿಗೆಯಂಥ ಭಾರ.

"ಗೇಮ್ ಆಡೋರಿಗೆ ಎರಡೂ ಹೆಚ್ಚುಕಡಿಮೆ ಒಂದೇ, ಭಾಯ್. ವಿಡಿಯೋ ಕೆಲಸ ಅಂದ್ರೆ ಹೊಸದೇ ಒಳ್ಳೇದು. ಮನೇಲಿ ಒಮ್ಮೆ ಕೇಳಿ ನೋಡಿ. ಸರಿ ಆಗ್ಲಿಲ್ಲ ಅಂದ್ರೆ ಎಂಟು ದಿನದೊಳಗೆ ತನ್ನಿ, ಬದಲಿ ಕೊಡ್ತೇನೆ" ಎಂದ.

ನಾನು ಒಂದೊಂದು ಕೈಯಲ್ಲಿ ಒಂದೊಂದನ್ನು ಹಿಡಿದು ತೂಗಿ ನೋಡಿದೆ. ನಮ್ಮ ಕಸುಬಿನಲ್ಲಿ ನಾನು ಹಾಗೇ ನೋಡುವುದು. ಹಳೆಯ ಇಂಜಿನ್ನು ಕಬ್ಬಿಣ, ಹೊಸದು ತಗಡು. ಅಳಿವೆಯ ಸೆಳೆತದಲ್ಲಿ ದೋಣಿ ಎಳೆಯುವುದು ಭಾರದ್ದೇ ಎಂದು ನಾನು ನಂಬಿದವನು. ಜೊತೆಗೆ ಆರಕ್ಕಿಂತ ಎಂಟು ದೊಡ್ಡದು. ಫೋನ್ ಮಾಡಿದರೆ ಅವಳು ಮತ್ತೆ ನಗುತ್ತಾಳೆ. ಕೇಳದೆಯೇ ಒಳ್ಳೆಯದನ್ನು ಒಯ್ದು ಅವಳ ಮುಂದಿಟ್ಟು ಸೇಡು ತೀರಿಸಿಕೊಳ್ಳಬೇಕು ಅನ್ನಿಸಿತು.

"ಭಾರದ್ದೇ ಕೊಡಿ" ಎಂದೆ.

ಚೀಟಿಯದು ಸಿಗಲಿಲ್ಲ ಎಂದು ಹೇಳಿ ಕಾರ್ಡು ಕೊಟ್ಟೆ, ಕೆಲಸದ ಗಡಿಬಿಡಿಯಲ್ಲಿದ್ದ ಅವಳು ಅದನ್ನೇ ಹಾಕಿಕೊಂಡಳು. ಆಗ ಅವಳ ಕೈಯಲ್ಲಿ ಹೊನ್ನಾವರದ ಒಂದು ಜೋಡಿಯ ವಿಡಿಯೋ ಇತ್ತು. ಓಂ ಬೀಚಿನಲ್ಲಿ ಡ್ರೋನ್ ಹಾರಿಸಿ ತೆಗೆದದ್ದು. ಭಾರದ ಕಾರ್ಡಿನಲ್ಲಿ ಅದು ತಡೆತಡೆದು ಓಡಿತು. ಮದುಮಗಳು ಒಂದು ಹೆಜ್ಜೆ ಇಡುವಳು, ನಿಲ್ಲುವಳು. ಆರತಕ್ಷತೆಯ ದಿನ ಹಾಲ್‌ನ ಪರದೆಯ ಮೇಲೆ ತೋರಿಸಬೇಕಿದ್ದ ವಿಡಿಯೋ ಊಟ ಮುಗಿದರೂ ತಯಾರಾಗಲಿಲ್ಲ. ಅಂದು ನಕ್ಕಿದ್ದ ಅದೇ ಫೋಟೋಗ್ರಾಫರ್ ಮುಂದಿನ ಮದುವೆಗಳನ್ನು ಬೇರೆಯವರಿಗೆ ಕೊಟ್ಟ.

ತಂಗಿ ಅಳುತ್ತಲೇ ಕೇಳಿದಳು. "ಅಂಗಡಿಯವ ಎಂತ ಹೇಳ್ದ ಅಣ್ಣ?"

"ಇದೇ ಹೊಸಾದು, ವಿಡಿಯೋಕ್ಕೆ ಇದೇ ಬೇಕು ಅಂದ. ಬದ್ಲಿ ಕೊಡೂದಿಲ್ಲ ಅಂತಲೂ ಹೇಳ್ದ."

ಎಂಟು ದಿನ ಇನ್ನೂ ಆಗಿರಲಿಲ್ಲ. ಕಾರ್ಡು ಒಯ್ದು ಬದಲಿಸಿ ತರಬಹುದಿತ್ತು.

ಅವಳು ಅಳುವುದನ್ನು ನಿಲ್ಲಿಸಿದಳು. "ಅವನ ಬಿಡೂದಿಲ್ಲ" ಎಂದಳು. ನಾನು ಆ ಬೆಂಕಿಗೆ ಗಾಳಿ ಹಾಕಿದೆ. ಬಂದರಿನಲ್ಲಿ, ಚಹಾ ಅಂಗಡಿಯಲ್ಲಿ, ಬಸ್ಸಿನಲ್ಲಿ ಹೇಳಿಕೊಂಡು ತಿರುಗಿದೆ. ಭಟ್ಕಳದ ಅಂಗಡಿ ಎಂದರೆ ಸಾಕು, ಮುಂದಿನದನ್ನು ಕೇಳದೆಯೇ ನಂಬುವವರು ಇದ್ದರು. ಅದು ನನಗೆ ಗೊತ್ತಿತ್ತು, ಗೊತ್ತಿದ್ದೇ ಬಳಸಿಕೊಂಡೆ. ದಿನ ಹೋದಂತೆ ನನಗೂ ಅವನ ಮೇಲೆ ನಿಜವಾದ ಸಿಟ್ಟು ಬಂತು. ಹಲ್ಲು ಕಡಿಯುವಷ್ಟು. ಅನ್ಯಾಯ ಮಾಡಿದವನು ನಾನು, ದ್ವೇಷ ಅವನ ಮೇಲೆ.

ತಂಗಿ ಸೇಡಿಗೆ ಒಂದು ದಾರಿ ಹುಡುಕಿದಳು. ಹೊನ್ನಾವರದಲ್ಲಿ ಸ್ಟುಡಿಯೋ ಇಟ್ಟಿರುವ ಅವಳ ಗೆಳತಿಯ ಬಳಿ ಅದೇ ಹೊಸ ಮಾಡೆಲ್ಲಿನ ಸಣ್ಣ ಕಾರ್ಡು ಇತ್ತು. ಒಂದೇ ಕಂಪ್ಯೂಟರಿಗೆ ಎರಡನ್ನೂ ಒಂದಾದ ಮೇಲೊಂದು ಹಾಕಿ ಹೋಲಿಸುವುದು, ಅದನ್ನೆಲ್ಲ ವಿಡಿಯೋ ಮಾಡುವುದು, ಅಂಗಡಿಯ ಹೆಸರು ಹಾಕಿ ಜಿಲ್ಲೆಯ ಫೋಟೋಗ್ರಾಫರುಗಳ ಗುಂಪಿಗೆಲ್ಲ ಕಳಿಸುವುದು.

ಒಂದು ಭಾನುವಾರ ಮೂವರೂ ಸ್ಟುಡಿಯೋದಲ್ಲಿ ಕುಳಿತೆವು. ಹೊತ್ತು ನೋಡಿ ಬರೆದುಕೊಳ್ಳುವುದು ನನ್ನ ಕೆಲಸ. ಮೊದಲು ಒಂದು ಗೇಮ್ ಓಡಿಸಿದರು. ಹಳೆಯದು ಕೂದಲೆಳೆಯಷ್ಟು ಹಿಂದೆ. ನನ್ನ ಕಣ್ಣಿಗೆ ವ್ಯತ್ಯಾಸವೇ ಕಾಣಲಿಲ್ಲ. ಆಮೇಲೆ ಓಂ ಬೀಚಿನ ವಿಡಿಯೋ. ಹಳೆಯದಕ್ಕೆ ನಲವತ್ತೊಂದು ನಿಮಿಷ, ಹೊಸದಕ್ಕೆ ಹದಿಮೂರು. ಹಳೆಯದು ಹೆಚ್ಚುಕಡಿಮೆ ಇಮ್ಮಡಿ ಕರೆಂಟು ಎಳೆಯಿತು, ಅದರ ಫ್ಯಾನಿನ ಗದ್ದಲಕ್ಕೆ ಮಾತು ಕೇಳುತ್ತಿರಲಿಲ್ಲ.

"ಹಂಗಾರೆ ಎಂಟು ಜಿಬಿ ಎಂತಕ್ಕೆ?" ಎಂದು ಕೇಳಿದೆ.

ಗೆಳತಿ ನಕ್ಕಳು. "ಜಿಬಿ ನೋಡಿ ಮಳ್ಳಾದ್ರಾ ಅಣ್ಣ? ಅದು ಡೀಸೆಲ್ ಟ್ಯಾಂಕ್ ಇದ್ದಾಂಗೆ. ಟ್ಯಾಂಕ್ ದೊಡ್ಡದಿದ್ರೆ ದೋಣಿ ಜೋರು ಓಡ್ತದಾ?"

ಹೊಸ ಕಾರ್ಡಿನಲ್ಲಿ ಡ್ರೋನ್ ವಿಡಿಯೋ ಬಿಚ್ಚಿ ಓದುವುದಕ್ಕೆಂದೇ ಒಂದು ಭಾಗ ಇದೆಯಂತೆ, ಹಳೆಯದರಲ್ಲಿ ಅದು ಇಲ್ಲವಂತೆ. ಗೇಮಿಗೆ ಎರಡೂ ಒಂದೇ, ವಿಡಿಯೋಕ್ಕೆ ಹೊಸದು. ಭಟ್ಕಳದವನ ಮಾತನ್ನೇ ನಾನು ನನ್ನ ಕೈಯಾರೆ ಅಂಕಿಗಳಲ್ಲಿ ಬರೆದಿದ್ದೆ.

ತಂಗಿ ನನ್ನ ಅಂಗಿಗೆ ಮೈಕು ಸಿಕ್ಕಿಸಿದಳು. ಅವಳ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಖುಷಿ ಇತ್ತು. "ಈಗ ನೀ ಹೇಳು ಅಣ್ಣ. ಅಂವ ಹೇಳಿದ್ದು ಒಂದೂ ಬಿಡ್ಬೇಡ. ಅಂಗಡಿ ಹೆಸರು ಸಮೇತ ಹೇಳು. ನಾಳೆಯಿಂದ ಒಬ್ಬನೂ ಅವನ ಮೆಟ್ಟಿಲು ಹತ್ತಬಾರದು."

"ಅಂವ…" ಎಂದೆ.

"ಹೆದರ್ಬೇಡ. ನಾ ಇದ್ದೇನೆ" ಎಂದಳು.

ಅವಳು ಬೈದಿದ್ದರೆ ಬಹುಶಃ ಸುಳ್ಳನ್ನೇ ಮತ್ತೊಮ್ಮೆ ಹೇಳಿಬಿಡುತ್ತಿದ್ದೆ. ಕ್ಯಾಮೆರಾ ಓಡುತ್ತಲೇ ಇತ್ತು. ನಾನು ಅದರ ಕಡೆ ನೋಡಲಿಲ್ಲ, ಅವಳ ಕಡೆ ನೋಡಿದೆ.

"ತಂಗೀ, ಅಂವ ಹೊಸಾದೇ ಒಳ್ಳೇದು ಅಂದಿದ್ದ. ನಿಂಗೆ ಕೇಳು ಅಂದಿದ್ದ. ಬದ್ಲಿ ಕೊಡ್ತೆ ಅಂತಲೂ ಹೇಳಿದ್ದ. ನೀ ಅವತ್ತು ನಗಾಡಿದ್ದಕ್ಕೆ ನಾ ಫೋನ್ ಮಾಡ್ಲಿಲ್ಲ. ಆಮೇಲೆ ಸುಳ್ಳು ಹೇಳ್ದೆ. ನಿನ್ನ ಕೆಲಸ ಕಳೆದವ ನಾನು, ಅಂವ ಅಲ್ಲ. ತಪ್ಪಾತು ತಂಗೀ. ನನ್ನ ಮಾಫ್ ಮಾಡು."