ಒಡೆದ ಗಾಜಿನ ತಪ್ಪು ಹೊತ್ತವರು

ಇಸ್ತ್ರಿ ಅಮ್ಮನ ಎಡಭುಜ ಬಲಭುಜಕ್ಕಿಂತ ನಾಲ್ಕು ಬೆರಳು ಮೇಲಿತ್ತು. ಕೆಂಡದ ಇಸ್ತ್ರಿ ಪೆಟ್ಟಿಗೆಯನ್ನು ವರ್ಷಗಟ್ಟಲೆ ಬಲಗೈಯಲ್ಲಿ ಎಳೆದೂ ಎಳೆದೂ ಮೈ ಒಂದು ಕಡೆಗೆ ವಾಲಿಬಿಟ್ಟಿತ್ತು. ತಮಿಳು ಸೀಮೆಯ ವೇಲಚೇರಿಯಲ್ಲಿ ನನ್ನ ಅಂಗಡಿಗೆ ಒತ್ತಿಕೊಂಡೇ ಅವರ ತಳ್ಳುಗಾಡಿ. ನಾನು ಕಾರುಗಳಿಗೆ ರಿಮೋಟ್ ಲಾಕ್ ಕೂರಿಸುವವನು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟರೂ ಈ ಕೆಲಸದಲ್ಲಿ ನನ್ನ ಕೈಗೆ ಸಮ ಇಲ್ಲ ಎಂಬ ಗರ್ವ ನನಗೆ.

ಅವರು ಹೊಸೂರಿನ ಕಡೆಯವರು. ಕನ್ನಡಕ್ಕೆ ಒಂದು ಕಿವಿ ಸಿಕ್ಕಿತೆಂದು ದಿನವಿಡೀ ನನ್ನೊಡನೆ ಮಾತು. ಲಾಕ್ ಪರೀಕ್ಷಿಸಲು ನಾನು ಗುಂಡಿ ಒತ್ತಿ ಕಾರು ಕೀಂಕ್ ಎಂದಾಗಲೆಲ್ಲ, "ಏನ್ ತಂಬಿ, ನಿನ್ ಕಾರು ಮತ್ತೆ ಸೀನ್ತಾ?" ಎನ್ನುವರು. ಯಾರದಾದರೂ ಅಂಗಿಯ ಗುಂಡಿ ಬಿದ್ದಿದ್ದರೆ ಹೇಳದೆ ಹೊಲಿದಿಡುವರು. ಕೇಳಿದರೆ, "ಆಗ್ಲೇ ಇತ್ತಲ್ಲ!"

ಒಂದು ಮೇ ತಿಂಗಳ ಮಧ್ಯಾಹ್ನ. ಮೂರು ವರ್ಷದ ಮಗಳನ್ನು ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಅಳದಿರಲೆಂದು ರಿಮೋಟ್ ಕೀ ಕೈಗೆ ಕೊಟ್ಟು, ಬಾಗಿಲು ಮುಚ್ಚಿ, ಫ್ಯೂಸ್ ತರಲು ಅಂಗಡಿಯೊಳಗೆ ಹೋದೆ. ಬಂದರೆ ನಾಲ್ಕೂ ಬಾಗಿಲು ಲಾಕ್. ಗುಂಡಿ ಒತ್ತಿದವಳ ಕೈಯಿಂದ ಕೀ ಸೀಟಿನಡಿ ಬಿದ್ದಿತ್ತು. ಇನ್ನೊಂದು ಕೀ ಊರಿಗೆ ಹೋದ ಹೆಂಡತಿಯ ಚೀಲದಲ್ಲಿ. ಹಿಂದಿನ ಬಾಗಿಲಿಗೆ ಮಕ್ಕಳ ಲಾಕನ್ನೂ ನಾನೇ ಹಾಕಿದ್ದೆ, ಒಳಗಿನಿಂದ ತೆರೆಯದು.

ಗಾಜು ಒಡೆಯಬಹುದಿತ್ತು. ಆದರೆ ಲಾಕಿನ ಮೇಸ್ತ್ರಿ ತನ್ನ ಲಾಕಿಗೇ ಸೋತನೆಂದು ಬೀದಿ ಆಡಿಕೊಳ್ಳದೇ? ತಂತಿ ತಂದು ಬಾಗಿಲ ಸಂದಿಗೆ ತೂರಿಸಿದೆ. ಬೆವರಿಗೆ ತಂತಿ ಜಾರುತ್ತಲೇ ಇತ್ತು. ಅತ್ತು ಕೆಂಪಾದ ಮಗು ಅಳು ನಿಲ್ಲಿಸಿತು.

"ಕಣ್ಣಾಡಿ ಒಡೀ ತಂಬಿ!" ಇಸ್ತ್ರಿ ಅಮ್ಮ ಕಿಟಕಿಯ ಗಾಜು ತೋರಿಸಿ ಕೂಗಿದರು.

"ಎರಡೇ ನಿಮಿಷ ಅಮ್ಮ, ತೆಗೀತೀನಿ."

"ನಿನ್ ಎರಡು ನಿಮಿಷಕ್ಕೆ ಬೆಂಕಿ ಬೀಳ! ಮಗೂ ತಲೆ ವಾಲ್ತು ನೋಡು. ಸರಿ ಅತ್ತ!"

ಕೆಂಡವನ್ನು ನೆಲಕ್ಕೆ ಸುರಿದು, ಮಗುವಿಗೆ ದೂರದ ಮುಂದಿನ ಕಿಟಕಿಯ ಮೂಲೆಗೆ ಪೆಟ್ಟಿಗೆ ಬೀಸಿದರು. ಎರಡನೇ ಏಟಿಗೆ ಗಾಜು ಪುಡಿಪುಡಿ. ಒಳಗೆ ಕೈ ಹಾಕಿ ಲಾಕ್ ತೆಗೆದು, ಮಗುವನ್ನು ಎತ್ತಿ ತಂದು ಬಟ್ಟೆಗೆ ಚಿಮುಕಿಸುವ ನೀರನ್ನೆಲ್ಲ ಅದರ ಮೈಮೇಲೆ ಸುರಿದರು. ಮಗು ಚೀರಿತು.

ಸದ್ದಿಗೆ ಜನ ಸೇರಿದರು. ನಾನು ಬಾಯಿ ತೆರೆಯುವ ಮೊದಲೇ ಅವರು ತಮಿಳಿನಲ್ಲಿ, "ಕೆಂಡ ಕೊಡವುವಾಗ ನನ್ನ ಕೈ ಜಾರಿತು, ಗಾಜು ಹೋಯಿತು, ಮಗು ಹೆದರಿತು" ಎಂದುಬಿಟ್ಟರು. ಕಣ್ಣು ಕಾಣಲ್ಲವಾ ಎಂದು ಜನ ಅವರನ್ನೇ ಬೈದರು. ನಾನು ಮಗುವನ್ನು ಅಪ್ಪಿಕೊಂಡು, ಅವರ ಮಾತನ್ನು ತಿದ್ದದೆ ಡಾಕ್ಟರ ಬಳಿಗೆ ಓಡಿದೆ.

ಮರುದಿನ ಕೇಳಿದೆ, "ಯಾಕಮ್ಮ ಹಾಗಂದ್ರಿ?"

"ನನ್ ಕೈ ಜಾರಿದ್ರೂ ನಾಳೆ ಬಟ್ಟೆ ಬರ್ತದೆ. ನಿಂದು ಜಾರ್ತು ಅಂದ್ರೆ ಯಾವನು ಬರ್ತಾನೆ? ಇನ್ನೊಂದ್ ಸಲ ಮಗೂ ಕೈಗೆ ಕೀ ಕೊಡು, ಪೆಟ್ಟಿಗೆ ನಿನ್ ಬೆನ್ ಮೇಲೆ!"

ಕಳೆದ ವರ್ಷ ಅವರು ಎಣ್ಣೂರಿನಲ್ಲಿ, ಮಗಳ ಮನೆಯಲ್ಲಿ ತೀರಿಕೊಂಡರು. ನನ್ನ ಮಗಳನ್ನೂ ಕರೆದುಕೊಂಡು ಹೋದೆ, ಅವಳಿಗೀಗ ಹನ್ನೆರಡು. ಅಮ್ಮನ ಮಗಳು ನೆಂಟರಿಗೆ ನನ್ನನ್ನು ತೋರಿಸಿ, "ಅಮ್ಮ ಗಾಜು ಒಡೆದ ಕಾರು ಇವರದೇ. ಒಂದು ಮಾತು ಬೈಯಲಿಲ್ಲವಂತೆ. ಸಾಯೋವರೆಗೂ ಹೊಗಳ್ತಿದ್ರು" ಎಂದಳು.

ಹೆತ್ತ ಮಗಳಿಗೂ ಅವರು ನಿಜ ಹೇಳಿರಲಿಲ್ಲ. ನಾನು ನನ್ನ ಮಗಳಿಗೂ ಹೇಳಿರಲಿಲ್ಲ.

ಎದ್ದು ನಿಂತೆ. ಎಲ್ಲರಿಗೂ ಕೇಳುವಂತೆ ಹೇಳಿದೆ: "ಅವರ ಕೈ ಜಾರಲಿಲ್ಲ. ಈ ಹುಡುಗಿ ಲಾಕ್ ಆದ ಕಾರಿನೊಳಗಿದ್ದಳು. ಕೀ ಕೊಟ್ಟವನು ನಾನು."

ಈಗ ಲಾಕ್ ಕೂರಿಸಿದ ಮೇಲೆ ಕಾರಿನವರಿಗೆ ಮೊದಲು ನನ್ನ ತಪ್ಪು ಹೇಳುತ್ತೇನೆ. ಆಮೇಲೆ ಕೀ ಕೊಡುತ್ತೇನೆ.