ಬೋಲೆ ಬಾಗಿಲಲ್ಲಿ ಅಸ್ಕಲೆ

ಶಿರೊ ಮೇಡಾದ ನಮ್ಮ ಕೇರಿಯಲ್ಲಿ ಯಾರ ಮನೆಯ ಮಕ್ಕಳು ಪರದೇಶದಿಂದ ಬಂದಿಳಿದರೂ ಎದುರುಗೊಳ್ಳಲು ಅಸ್ಕಲೆ ಹೋಗಲೇಬೇಕು. ಹೂವಿಲ್ಲದಿದ್ದರೆ ನಡೆದೀತು, ಬಾಡಿಗೆ ವ್ಯಾನು ತಡವಾದರೂ ನಡೆದೀತು, ಅಸ್ಕಲೆಯಿಲ್ಲದೆ ನಡೆಯದು. ಜನ್ಮದಲ್ಲಿ ಒಮ್ಮೆಯೂ ವಿಮಾನ ಹತ್ತದ ಹೆಂಗಸು. ಆದರೆ ಬೋಲೆ ವಿಮಾನ ನಿಲ್ದಾಣವೆಂದರೆ ಅವಳಿಗೆ ತನ್ನ ಮನೆಯಂಗಳವಿದ್ದ ಹಾಗೆ. ದುಬೈಯಿಂದ ಬಂದವರು ಪೆಟ್ಟಿಗೆ ತಳ್ಳಿಕೊಂಡು ದಡದಡನೆ ಹೊರಗೆ ಬರುತ್ತಾರೆ, ಬೇರೂತಿನ ಹುಡುಗಿಯರು ಬಾಗಿಲಲ್ಲಿ ಒಂದು ಗಳಿಗೆ ನಿಂತು ಕೂದಲು ಸರಿಮಾಡಿಕೊಳ್ಳುತ್ತಾರೆ, ಅಮೆರಿಕದವರು ಮೊದಲು ಅತ್ತು ಆಮೇಲೆ ಬರುತ್ತಾರೆ. ಇವೆಲ್ಲ ಅವಳ ಶೋಧನೆಗಳು.

ಅವಳನ್ನು ಕರೆದೊಯ್ಯುವುದು ಇಲಿಲ್ತಾ ಹಾಕಲಿಕ್ಕೆ. ಮದುವೆ, ನಾಮಕರಣಗಳಲ್ಲಿ ಹೆಂಗಸರೆಲ್ಲ ನಾಲಿಗೆ ಹೊರಳಿಸಿ ಕೂಗುವ ಸಂತೋಷದ ಕೂಗು ಅದು, ದೊಡ್ಡ ವಿದ್ಯೆಯೇನಲ್ಲ. ಆದರೆ ಅಸ್ಕಲೆ ಹಾಕಿದಳೆಂದರೆ ಕಾರು ನಿಲ್ಲಿಸುವ ಬಯಲಿನ ಆ ತುದಿಯಲ್ಲಿ ನಿದ್ದೆ ಹೊಡೆಯುತ್ತಿದ್ದ ಟ್ಯಾಕ್ಸಿಯವರೂ ಎದ್ದು ಕೂರುತ್ತಾರೆ. ಕಂಬಿಯ ಬಳಿ ಕಾಯುವ ಪೊಲೀಸಿನವನು ಅವಳನ್ನು ಕಂಡರೆ ಸಾಕು, "ಬಂದ್ಯಾ ತಾಯಿ? ನೀನಿದ್ರೆ ನಮಗೆ ಸೈರನ್ ಯಾಕೆ ಬೇಕು?" ಎನ್ನುತ್ತಾನೆ. ಬಂದವರು ತಮ್ಮವರನ್ನು ಗುಂಪಿನಲ್ಲಿ ಹುಡುಕುತ್ತ ನಿಲ್ಲಬಾರದು, ಅವರ ಕಣ್ಣು ನಮ್ಮನ್ನು ಕಾಣುವ ಮೊದಲೇ ನಮ್ಮ ದನಿ ಅವರನ್ನು ಮುಟ್ಟಿರಬೇಕು ಎಂಬುದು ಅಸ್ಕಲೆಯ ನಿಯಮ.

ಉಳಿದಂತೆ ಅವಳ ಬದುಕು ಹೊಗೆಯಲ್ಲೇ ಕಳೆದದ್ದು. ಕೇರಿಯ ಒಂಬತ್ತು ಮನೆಗಳಿಗೆ ದೋಸೆಯಂಥ ಇಂಜೆರ ಹೊಯ್ದು ಕೊಡುತ್ತಾಳೆ. ಕಾವಲಿಯ ಮುಂದೆ ಕೂತು ಕೂತು ಕಣ್ಣು ಕೆಂಪಾಗಿವೆ. ಗಂಡ ಅದ್ಮಾಸು ನೇಕಾರ. ಬೆಳಗಾದರೆ ಮಗ್ಗದ ಗುಂಡಿಗೆ ಕಾಲಿಳಿಸಿ ಕೂತನೆಂದರೆ ಸಂಜೆಯವರೆಗೆ ತುಟಿ ಬಿಚ್ಚುತ್ತಿರಲಿಲ್ಲ. ಇಡೀ ಊರಿಗೆ ಕೇಳುವ ಗಂಟಲಿನವಳಿಗೆ ಇಂಥ ಮೂಗನನ್ನು ಕಟ್ಟಿದ ದೇವರಿಗೆ ಬುದ್ಧಿಯಿದೆ ಎಂದು ನಾವೆಲ್ಲ ಹೇಳಿಕೊಳ್ಳುತ್ತಿದ್ದೆವು. ಇಬ್ಬರೂ ಮಾತನಾಡುವವರಾಗಿದ್ದರೆ ನೆರೆಯವರು ಮನೆ ಬಿಡಬೇಕಾಗಿತ್ತು.

ಇವರಿಗೆ ಒಬ್ಬಳೇ ಮಗಳು, ಸೆಬ್ಲೆ. ಹತ್ತೊಂಬತ್ತರಲ್ಲಿ ಮನೆಗೆಲಸಕ್ಕೆಂದು ಬೇರೂತಿಗೆ ಹೋದವಳು ಒಂಬತ್ತು ವರ್ಷ ಬಂದಿರಲಿಲ್ಲ. ಭಾನುವಾರ ಫೋನು ಮಾಡುತ್ತಿದ್ದಳು. ಅವ್ವನ ಜೊತೆ ಒಂದು ಗಂಟೆ ಮಾತು. ಆಮೇಲೆ ಫೋನು ಅಪ್ಪನ ಕೈಗೆ ಹೋಗುತ್ತಿತ್ತು. ಅದ್ಮಾಸು ಅದನ್ನು ಕಿವಿಗಿಟ್ಟುಕೊಂಡು ಒಂದು ಸಲ ಕೆಮ್ಮುತ್ತಿದ್ದ. ಅಷ್ಟೇ. "ಅಪ್ಪ ಮಾತಾಡಿದ್ರು, ಇನ್ನು ಸಾಕು" ಎಂದು ನಗುತ್ತ ಸೆಬ್ಲೆ ಫೋನು ಇಡುತ್ತಿದ್ದಳು.

ಈ ಮಳೆಗಾಲದಲ್ಲಿ ಅದ್ಮಾಸು ಮಗ್ಗದಲ್ಲಿ ಕೂತಲ್ಲೇ ಹೋಗಿಬಿಟ್ಟ. ಕೈಯಲ್ಲಿದ್ದ ಲಾಳಿ ಕೆಳಗೆ ಬಿದ್ದ ಸದ್ದಿಗೆ ಅಸ್ಕಲೆ ಬಂದು ನೋಡಿದಾಗ ಎಲ್ಲ ಮುಗಿದಿತ್ತು. ಮಣ್ಣು ಮಾಡಿ ಬಂದ ದಿನವೇ ಬಾಲ್ಚಾ ಮಾಮ ಎಲ್ಲರನ್ನೂ ಕೂರಿಸಿಕೊಂಡ. ಸಾವುನೋವಿಗೆ ಒದಗುವ ನಮ್ಮ ಕೇರಿಯ ಸಂಘಕ್ಕೆ ಅವನೇ ಹಿರಿಯ.

"ಹುಡುಗಿಗೆ ಯಾರೂ ಬಾಯಿ ಬಿಡಬಾರ್ದು. ಅಲ್ಲಿ ಯಾರದೋ ಅಡುಗೆಮನೇಲಿ ಒಬ್ಬಳೇ ನಿಂತು ಈ ಸುದ್ದಿ ಕೇಳ್ಬೇಕಾ? ಬಿದ್ರೆ ಹಿಡಿಯೋರು ಯಾರು? ಬರಲಿ. ಬಂದ ಮಾರನೇ ದಿನ ಬೆಳಗಿನ ಜಾವ, ಎಲ್ಲರೂ ಸುತ್ತ ನಿಂತು ಹೇಳೋಣ."

ನಮ್ಮಲ್ಲಿ ಹಿಂದಿನಿಂದ ನಡೆದು ಬಂದದ್ದೂ ಹಾಗೆಯೇ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರಲ್ಲ, ನಾವು ಅಷ್ಟೂ ಸುಳ್ಳನ್ನು ಒಂದು ಸಾವಿಗೆ ಹೇಳಿದೆವು. ಅಪ್ಪ ಊರಿಗೆ ಹೋಗಿದ್ದಾರೆ, ಅಪ್ಪ ತೀರ್ಥಸ್ನಾನಕ್ಕೆ ಹೋಗಿದ್ದಾರೆ, ಅಪ್ಪ ನೂಲು ಎಣಿಸುತ್ತಿದ್ದಾರೆ. ಎದೆಯಲ್ಲಿ ಬೆಂಕಿ ಇಟ್ಟುಕೊಂಡು ಅಸ್ಕಲೆ ಪ್ರತಿ ಭಾನುವಾರ ಹೇಗೆ ನಗುತ್ತ ಮಾತನಾಡಿದಳೋ ದೇವರಿಗೇ ಗೊತ್ತು. ಒಂದು ಭಾನುವಾರ ಸೆಬ್ಲೆ ಹಟ ಹಿಡಿದಳು: "ಅಪ್ಪನ ಕೈಗೆ ಕೊಡು. ಕೆಮ್ಮಲಿ ಸಾಕು." ಪಕ್ಕದಲ್ಲಿದ್ದ ಬಾಲ್ಚಾ ಮಾಮ ಫೋನು ಕಿತ್ತುಕೊಂಡು ಮೂರು ಸಲ ಕೆಮ್ಮಿದ. ಅದೂ ಸುಮ್ಮನೆಯಲ್ಲ, ಭಾವ ತುಂಬಿ. ಆಮೇಲೆ, "ಅಪ್ಪಂಗೆ ಜೇನು ಕೊಡವ್ವ" ಎಂದಳು ಸೆಬ್ಲೆ.

ಫೋನು ಇಟ್ಟದ್ದೇ ತಡ, ಮಾಮನ ಹೆಂಡತಿ ತೆವಾಬೆಚ್ ಹರಿಹಾಯ್ದಳು. "ಕೆಮ್ಮಿ ಅಂದ್ರೆ ಕ್ಷಯ ಬಂದವರ ಹಾಗೆ ಕೆಮ್ಮಿದ್ರಲ್ಲ! ಬದುಕಿರೋ ಮನುಷ್ಯ ಹಾಗೆ ಕೆಮ್ತಾನಾ?"

"ಮತ್ತೆ ನೀನೇ ಕೆಮ್ಮಬೇಕಿತ್ತು" ಎಂದ ಮಾಮ. ಆದರೆ ಅವನ ಮುಖ ಸಣ್ಣದಾಗಿತ್ತು.

ಅದಾದ ಎರಡು ವಾರಕ್ಕೆ ಸೆಬ್ಲೆ, ಮಳೆಗಾಲ ಮುಗಿಯುವಾಗ ಬರುವ ನಮ್ಮ ಹೊಸ ವರ್ಷಕ್ಕೆ ಬರುತ್ತೇನೆಂದು ಹೇಳಿದಳು.

ಅಂದಿನಿಂದ ಅಸ್ಕಲೆಗೆ ಒಂದೇ ಚಿಂತೆ. ಬೋಲೆಯ ಬಾಗಿಲಲ್ಲಿ ಮಗಳಿಗೆ ಏನೂ ಗೊತ್ತಾಗಬಾರದು. ಒಂಬತ್ತು ವರ್ಷ ಕಂಡವರ ಮನೆಯಲ್ಲಿ ದುಡಿದು ಬರುವವಳು ಒಂದು ಸಂಜೆಯಾದರೂ ನಕ್ಕುಕೊಂಡು ಉಣ್ಣಬೇಕು. ಊರಿನ ಮಕ್ಕಳಿಗೆಲ್ಲ ಕೂಗಿದ ಗಂಟಲು ತನ್ನ ಮಗಳಿಗೆ ಕೂಗಬೇಕು. ಆದರೆ ಗಂಡ ಸತ್ತ ಮೇಲೆ ಆ ಕೂಗು ಅವಳ ಗಂಟಲಿಗೆ ಬಂದಿರಲೇ ಇಲ್ಲ. "ಬರದೇ ಹೋದ್ರೆ ಏನು ಮಾಡ್ಲೆ?" ಎಂದು ತೆವಾಬೆಚ್‌ಳನ್ನು ದಿನಕ್ಕೆ ಹತ್ತು ಸಲ ಕೇಳಿದಳು. "ಬರ್ತದೆ ಬಿಡೇ. ನಿನ್ನ ಗಂಟಲು ಯಾವತ್ತು ನಿನ್ನ ಮಾತು ಕೇಳಿತ್ತು?" ಎನ್ನುತ್ತಿದ್ದಳು ಅವಳು.

ಆ ದಿನ ಮಧ್ಯಾಹ್ನ ಕೇರಿಯಿಂದ ಎರಡು ವ್ಯಾನು ಹೊರಟವು. ಹೊಸ ವರ್ಷಕ್ಕೆ ಅರಳುವ 'ಅದೆ' ಎಂಬ ಹಳದಿ ಹೂವಿನ ಕಟ್ಟುಗಳು, ಬುಟ್ಟಿಯ ತುಂಬ ದಪ್ಪ ದಾಬೊ ರೊಟ್ಟಿ. ಅಸ್ಕಲೆ ಸೂತಕದ ಕರಿಯ ಉಡುಪು ಕಳಚಿಟ್ಟು ಹಬ್ಬದ ಬಿಳಿ ಉಟ್ಟಳು. ಹೊದೆಯಲಿಕ್ಕೆ ಅದ್ಮಾಸು ಕೊನೆಯದಾಗಿ ನೇಯ್ದಿಟ್ಟಿದ್ದ ನೆಟೆಲಾ ಪೆಟ್ಟಿಗೆಯಿಂದ ಹೊರಬಂತು. ಹೂವಿನಷ್ಟು ಹಗುರ, ಅಂಚಿನಲ್ಲಿ ಹಸಿರು ಹಳದಿಯ ಕೆಲಸ. "ಹುಡುಗಿ ಇಳಿಯೋ ದಿನ ಹೊದ್ಕೋ" ಎಂದಿದ್ದ. ಅವನ ಬಾಯಲ್ಲಿ ಅದು ಬಹಳ ದೊಡ್ಡ ಮಾತು.

ನೆಟೆಲಾ ಹೊದೆಯಲಿಕ್ಕೂ ಒಂದು ರೀತಿಯಿದೆ. ಬಣ್ಣದ ಅಂಚು ಕೆಳಗೆ ಕಾಲ ಕಡೆಗೆ ಇಳಿದಿದ್ದರೆ ಮನೆಯಲ್ಲಿ ಎಲ್ಲ ಸುಖ. ಅಂಚು ಮೇಲೆ ಬಂದು ಕುತ್ತಿಗೆ ಸುತ್ತಿದ್ದರೆ ಆ ಮನೆಯಲ್ಲಿ ಸಾವಾಗಿದೆ. ರಸ್ತೆಯ ಆಚೆಯಿಂದ ನೋಡಿದವರಿಗೂ ತಿಳಿಯುತ್ತದೆ, ಬಾಯಿಬಿಟ್ಟು ಕೇಳಬೇಕಾಗಿಲ್ಲ. ವ್ಯಾನಿನಲ್ಲಿ ತೆವಾಬೆಚ್ ತಾನೇ ನೆಟೆಲಾ ಹೊದಿಸಿ, ಅಂಚನ್ನು ಕೆಳಗಿಳಿಸಿ, ಎರಡೆರಡು ಸಲ ನೋಡಿ ಸಮಾಧಾನಪಟ್ಟುಕೊಂಡಳು.

ಕಂಬಿಯ ಬಳಿ ಬಂದು ನಿಂತಾಗ ವಿಮಾನ ಇಳಿದಾಗಿತ್ತು. ಅಷ್ಟರಲ್ಲಿ ಹನಿ ಬಿತ್ತು. ರೊಟ್ಟಿ ನೆನೆಯುತ್ತದೆಂದು ಅಸ್ಕಲೆ ಸರಕ್ಕನೆ ನೆಟೆಲಾ ತೆಗೆದು ಬುಟ್ಟಿಗೆ ಮುಚ್ಚಿದಳು. ಐದು ನಿಮಿಷಕ್ಕೆ ಮಳೆ ನಿಂತಿತು. ತೆವಾಬೆಚ್ ಆ ಕಡೆ ಪೊಲೀಸಿನವನ ಜೊತೆ ಇನ್ನೆರಡು ಹೆಜ್ಜೆ ಮುಂದೆ ಬಿಡು ಎಂದು ಜಗಳಕ್ಕೆ ನಿಂತಿದ್ದಳು. ಬೇರೂತಿನ ಹುಡುಗಿಯರು ಒಬ್ಬೊಬ್ಬರಾಗಿ ಬರತೊಡಗಿದರು. ಬಾಗಿಲಿನಿಂದ ಕಣ್ಣು ತೆಗೆಯದೆಯೇ ಅಸ್ಕಲೆ ನೆಟೆಲಾ ಎತ್ತಿಕೊಂಡು ಹೊದ್ದಳು. ಮೂರು ತಿಂಗಳಿಂದ ಹೇಗೆ ಹೊದೆಯುತ್ತಿದ್ದಳೋ ಹಾಗೆಯೇ ಹೊದ್ದಳು. ಹಸಿರು ಹಳದಿಯ ಅಂಚು ಮೇಲೆ ಬಂದು ಅವಳ ಕುತ್ತಿಗೆಯನ್ನು ಸುತ್ತಿ ಕೂತಿತು. ಬಾಯಿ ಕಲಿತ ಸುಳ್ಳನ್ನು ಪಾಪ, ಕೈ ಕಲಿತಿರಲಿಲ್ಲ. ಎಲ್ಲರ ಕಣ್ಣೂ ಬಾಗಿಲ ಮೇಲಿದ್ದುದರಿಂದ ನಮ್ಮಲ್ಲಿ ಯಾರೂ ಅದನ್ನು ನೋಡಲಿಲ್ಲ, ಅಸ್ಕಲೆಯೇ ಆಮೇಲೆ ಹೇಳಿದ್ದು.

ಸೆಬ್ಲೆ ಬಂದಳು. ನೀಲಿ ಪೆಟ್ಟಿಗೆ, ಮೈ ತುಂಬಿಕೊಂಡಿದ್ದಾಳೆ, ಬಾಗಿಲಲ್ಲಿ ನಿಂತು ಕೂದಲು ಸರಿಮಾಡಿಕೊಂಡಳು. ಅಸ್ಕಲೆ ಬಾಯಿ ತೆರೆದಳು. ದನಿ ಬರಲಿಲ್ಲ. ಮತ್ತೊಮ್ಮೆ ಉಸಿರೆಳೆದುಕೊಂಡಳು, ಬರೀ ಗಾಳಿ ಬಂತು. ಮಗಳು ಗುಂಪಿನ ಮೇಲೆ ಕಣ್ಣಾಡಿಸುತ್ತ ಬಂದು ಅವ್ವನ ಮುಖ ಕಂಡು ನಕ್ಕಳು. ಆಮೇಲೆ ಅವಳ ಕಣ್ಣು ಒಂದು ಗೇಣು ಕೆಳಗಿಳಿಯಿತು. ಅಲ್ಲೇ ನಿಂತುಬಿಟ್ಟಳು. ಹಿಂದಿನವರು ಅವಳನ್ನು ಬಳಸಿಕೊಂಡು ಹೋದರು.

ಮಗಳು ಏನು ನೋಡಿದಳೆಂದು ಆಗ ಅಸ್ಕಲೆಯ ಕೈಗೆ ತಿಳಿಯಿತು. ಕುತ್ತಿಗೆಗೆ ಹೋದ ಬೆರಳಿಗೆ ಅಂಚಿನ ದಾರ ಸಿಕ್ಕಿತು. ಮೂರು ತಿಂಗಳು ಇಡೀ ಕೇರಿ ಕಾದುಕೊಂಡದ್ದನ್ನು ತಾನೇ ಬಾಗಿಲಲ್ಲಿ ಚೆಲ್ಲಿಬಿಟ್ಟೆನಲ್ಲ ಎಂದು ಅವಳಿಗೆ ಅಲ್ಲೇ ಸಾಯಬೇಕೆನ್ನಿಸಿತು.

ಸೆಬ್ಲೆ ಪೆಟ್ಟಿಗೆ ಬಿಟ್ಟು ಬಂದು ಅವ್ವನನ್ನು ತಬ್ಬಿಕೊಂಡಳು. ಕಿವಿಯ ಹತ್ತಿರ ಬಾಯಿಟ್ಟು ಕೇಳಿದಳು:

"ಎಷ್ಟು ದಿನ ಆಯ್ತವ್ವ?"

"ಎಂಬತ್ತೆರಡು."

"ಆ ಕೆಮ್ಮು ಕೇಳಿದಾಗ್ಲೇ ಅನುಮಾನ ಬಂದಿತ್ತು. ಅಪ್ಪ ಯಾವತ್ತು ಮೂರು ಸಲ ಕೆಮ್ಮಿದ್ರು? ಆದ್ರೂ ಇರಲಾರದು, ಇರಲಾರದು ಅಂದ್ಕೊಂಡೇ ಬಂದೆ."

"ತಪ್ಪಾಯ್ತು ಮಗಳೇ. ನಾಳೆ ಬೆಳಿಗ್ಗೆ ಹೇಳ್ಬೇಕು ಅಂತಿದ್ರು ಎಲ್ಲ. ನಿನಗೆ ಇವತ್ತೊಂದು ದಿನ..."

"ಗೊತ್ತು. ಸುಮ್ನಿರು."

ಅಸ್ಕಲೆಯ ಹೆಗಲಿನ ಮೇಲೆ ಸೆಬ್ಲೆ ಎರಡು ಉಸಿರಿನಷ್ಟು ಹೊತ್ತು ಅತ್ತಳು. ಬಂದವರೆಲ್ಲ ಅಳುತ್ತಾರೆ, ಯಾರಿಗೂ ಅದು ವಿಶೇಷವೆನ್ನಿಸಲಿಲ್ಲ. ಆಮೇಲೆ ಹಿಂದೆ ಸರಿದು ಅವ್ವನ ನೆಟೆಲಾ ಬಿಚ್ಚಿದಳು. ಅಂಚನ್ನು ಬೆರಳಿನಲ್ಲಿ ಒಮ್ಮೆ ಸವರಿದಳು. ಅದು ಯಾರ ಕೈಕೆಲಸವೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಬಟ್ಟೆಯನ್ನು ತಿರುವಿ ಅಂಚು ಕೆಳಗೆ ಬರುವಂತೆ ಹೊದಿಸಿ ನೆರಿಗೆ ಸರಿಮಾಡಿದಳು.

"ಇವರೆಲ್ಲ ಎರಡು ವ್ಯಾನು ಮಾಡ್ಕೊಂಡು ಬಂದಿದಾರೆ. ನಾಳೆಯದು ನಾಳೆಗೆ ಇರಲಿ. ಕೂಗವ್ವ."

"ಬರ್ತಾ ಇಲ್ಲ ಕಣೇ."

ಆಗ ಸೆಬ್ಲೆಯೇ ಕೂಗಿದಳು. ಬಂದವಳನ್ನು ಎದುರುಗೊಳ್ಳಲು ಹೋದವರು ಕೂಗುವುದುಂಟು, ಬಂದವಳೇ ಕೂಗಿದ್ದನ್ನು ಬೋಲೆಯಲ್ಲಿ ಯಾರೂ ಕಂಡಿರಲಿಲ್ಲ. ಅಭ್ಯಾಸ ತಪ್ಪಿದ ದನಿ, ನಡುವೆ ಒಡೆಯಿತು. ಒಡೆದಲ್ಲಿಂದ ಅಸ್ಕಲೆ ಎತ್ತಿಕೊಂಡಳು. ಮೂರು ತಿಂಗಳು ಕಟ್ಟಿಕೊಂಡಿದ್ದ ಗಂಟಲು ಬಿಚ್ಚಿ ಹೊರಟ ಆ ಇಲಿಲ್ತಾಕ್ಕೆ ತೆವಾಬೆಚ್ ಜಗಳ ಬಿಟ್ಟು ಓಡಿಬಂದಳು, ನಮ್ಮವರೆಲ್ಲ ಸೇರಿಕೊಂಡರು, ಗುರುತಿಲ್ಲದ ಬೇರೆ ಮನೆಯ ಹೆಂಗಸರೂ ಸೇರಿಕೊಂಡರು. ಪೊಲೀಸಿನವನು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ.

ಆ ಸಂಜೆ ಸೆಬ್ಲೆ ಎಲ್ಲರೂ ಕೈಯಾರೆ ಇಟ್ಟ ತುತ್ತನ್ನು ಬಾಯಿಗೆ ಇಸಿದುಕೊಂಡು ತಿಂದಳು, ಬೇರೂತಿನ ಯಜಮಾನಿಯ ನಡಿಗೆ ಮಾಡಿ ತೋರಿಸಿ ನಗಿಸಿದಳು. ಅಪ್ಪ ಎಲ್ಲಿ ಎಂದು ಒಮ್ಮೆ ಕೇಳಿದಳು. ಊರಿಗೆ ಹೋಗಿದ್ದಾರೆ, ನಾಳೆ ಬರುತ್ತಾರೆ ಎಂದರು. ಸರಿ ಎಂದಳು. ತಾವು ಎಂಥ ಚತುರರು ಎಂದು ತೆವಾಬೆಚ್ ಗಂಡನಿಗೆ ಕಣ್ಣು ಹೊಡೆದಳು. ಒಲೆಯ ಮುಂದೆ ಕೂತು ಅಸ್ಕಲೆ ಮಗಳನ್ನೇ ನೋಡುತ್ತಿದ್ದಳು. ಇವಳು ಇಷ್ಟು ದೊಡ್ಡವಳಾದದ್ದು ಯಾವಾಗ ಎಂದು ಅವಳಿಗೆ ಹೆಮ್ಮೆಯೂ ಆಯಿತು, ಸಂಕಟವೂ ಆಯಿತು.

ಮರುದಿನ ಬೆಳಕು ಹರಿಯುವಾಗ ಕೇರಿಯವರು ಬಂದು ಬಾಗಿಲು ತಟ್ಟಿದರು. ಮುಂದೆ ಬಾಲ್ಚಾ ಮಾಮ, ಹಿಂದೆ ತೆವಾಬೆಚ್, ಅವಳ ಹಿಂದೆ ನಾವೆಲ್ಲರೂ. ಸೆಬ್ಲೆ ಮುಖ ತೊಳೆದು, ಕೂದಲು ಬಾಚಿ, ಅಪ್ಪನ ಮಗ್ಗದ ಪಕ್ಕ ಕೂತಿದ್ದಳು. ಬಿದ್ದರೆ ಹಿಡಿಯಲಿಕ್ಕೆಂದು ಇಬ್ಬರು ಹೆಂಗಸರು ಅಕ್ಕಪಕ್ಕ ಕೂತರು.

"ಹೇಳಿ ಮಾಮ" ಎಂದಳು.

ಸಾವಿರ ಸುಳ್ಳು ಹೇಳಿದ ಮನುಷ್ಯನಿಗೆ ಈ ಒಂದು ನಿಜ ಬಾಯಿಗೆ ಬರಲಿಲ್ಲ. ಬಾಲ್ಚಾ ಮಾಮ ಮಗ್ಗವನ್ನು ನೋಡಿದ, ನೆಲವನ್ನು ನೋಡಿದ. ಕೊನೆಗೆ ಕೆಮ್ಮಿದ. ಒಂದೇ ಒಂದು ಸಲ.

ಸೆಬ್ಲೆ "ಅಪ್ಪಾ" ಎಂದು ಕೂಗಿ ಕುಸಿದಳು. ಹಿಡಿಯಲು ಮನೆ ತುಂಬ ಕೈಗಳಿದ್ದವು. ಅಸ್ಕಲೆ ಆ ನೆಟೆಲಾವನ್ನು ತಂದು ಮಗಳಿಗೆ ಹೊದಿಸಿದಳು, ಹಸಿರು ಹಳದಿಯ ಅಂಚನ್ನು ಮೇಲೆ ತಂದು ಅವಳ ಕುತ್ತಿಗೆಗೆ ಸುತ್ತಿದಳು.