ಎರಡು ಬೆರಳೆತ್ತರದ ಹೊಸಿಲು

ನಮ್ಮ ಮೇಸ್ತ್ರಿಯ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಯಾವ ಕಾಲದಲ್ಲೋ ಸುತ್ತಿಗೆ ಏಟಿಗೆ ಹೋದದ್ದು ಮತ್ತೆ ಬರಲೇ ಇಲ್ಲವಂತೆ. ಆ ಬೋಳು ಬೆರಳನ್ನು ಹೊಸ ನೆಲದ ಮೇಲೆ ಎಳೆದುಕೊಂಡು ಹೋಗುತ್ತಿದ್ದರು. ಎಲ್ಲಾದರೂ ತಡೆಯಿತೋ ಮುಗಿಯಿತು, ಹಾಕಿದ ಕಲ್ಲನ್ನು ಕೀಳಿಸುತ್ತಿದ್ದರು. "ನನ್ನ ಬೆರಳು ಎಡವಿದ ಕಡೆ ಗಾಲಿ ಎಡವುತ್ತೆ, ಇಂಜಿನಿಯರಮ್ಮ" ಅನ್ನೋರು.

ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ದಾರಿಯಲ್ಲಿ ನಾವು ಕಟ್ಟುತ್ತಿದ್ದದ್ದು ನರರೋಗಗಳ ಸಂಶೋಧನೆ, ಚಿಕಿತ್ಸೆ ಎರಡೂ ನಡೆಯುವ ಆಸ್ಪತ್ರೆ. ಬರುವವರೆಲ್ಲ ಹೆಚ್ಚಾಗಿ ವೀಲ್‌ಚೇರಿನವರು. ಅದಕ್ಕೇ ಎಲ್ಲೂ ಮೆಟ್ಟಿಲು ಬೇಡ, ಹೊಸಿಲು ಬೇಡ ಅಂತ ನಕ್ಷೆಯಲ್ಲೇ ಇತ್ತು. ದಿಬ್ಬೂರಹಳ್ಳಿಯಿಂದ ಮೊಪೆಡ್ಡಿನಲ್ಲಿ ಬರುತ್ತಿದ್ದ ಮೇಸ್ತ್ರಿ ಓದಿದ್ದು ನಾಲ್ಕನೇ ಕ್ಲಾಸು. ಆದರೂ ಆ ನಕ್ಷೆಯನ್ನು ನನಗಿಂತ ಹೆಚ್ಚು ನಂಬಿದ್ದವರು ಅವರೇ. ನನಗೋ ಅದು ಮೊದಲ ಕೆಲಸ, ಎಲ್ಲಕ್ಕೂ ಅವಸರ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಕೈಯಲ್ಲಿದ್ದ, ನೆಲದ ಸಮ ನೋಡುವ ರಸಮಟ್ಟ ತೋರಿಸಿ ಆಡಿಕೊಳ್ಳುತ್ತಿದ್ದರು.

ಪ್ರವೇಶದ ಪೂಜೆಗೆ ಎರಡು ದಿನ ಇರುವಾಗ ಮಾಲೀಕರ ತಾಯಿ ಬಂದರು. ಹೊಸಿಲಿಲ್ಲದ ಬಾಗಿಲು ಬಾಗಿಲೇ ಅಲ್ಲ, ಅರಿಶಿನ ಕುಂಕುಮ ಎಲ್ಲಿಗೆ ಹಚ್ಚೋದು ಅಂತ ಪಟ್ಟು ಹಿಡಿದರು. ಎರಡು ಬೆರಳೆತ್ತರ ತಾನೇ, ಹಾಕಿಬಿಡಿ ಅಂದೆ. ಮೇಸ್ತ್ರಿ ಕರಣೆ ಕೆಳಗಿಟ್ಟರು.

"ಅರಿಶಿನ ಬರೀ ನೆಲಕ್ಕೆ ಹಚ್ಚಿದ್ರೂ ಲಕ್ಷ್ಮಿ ಬರ್ತಾಳೆ ಇಂಜಿನಿಯರಮ್ಮ. ಗಾಲಿ ಬರಲ್ಲ. ಇದು ಯಾರನ್ನೋ ಬಲಿ ತಗೊಳ್ಳುತ್ತೆ, ನೋಡ್ತಿರಿ."

ಶುಭಕಾರ್ಯದ ಹೊತ್ತಲ್ಲಿ ಅಪಶಕುನ ನುಡೀಬೇಡಿ ಅಂತ ಗದರಿದೆ. ಅವರು ಆ ಹೊಸಿಲನ್ನು ಮುಟ್ಟಲಿಲ್ಲ, ಬಡಗಿ ಬಂದು ಕೂರಿಸಿದ. ಪೂಜೆ ಮುಗಿದ ಮೇಲೆ ತೆಗೆಸಿದರಾಯಿತು ಅಂದುಕೊಂಡಿದ್ದೆ. ಹೂವಿಟ್ಟು ಕೈಮುಗಿದ ಹೊಸಿಲನ್ನು ಕೀಳುವ ಧೈರ್ಯ ಯಾರಿಗೂ ಬರಲಿಲ್ಲ, ನನಗೂ. ಅಲ್ಲಿಗೆ ಹೋದಾಗಲೆಲ್ಲ ಯಾವುದಾದರೂ ಗಾಲಿ ದಡ್ ಅಂತ ಬಡಿಯುವುದು ಕೇಳಿಸುತ್ತಿತ್ತು.

ಎರಡನೇ ವರ್ಷ ಮೇಸ್ತ್ರಿಗೆ ಲಕ್ವ ಹೊಡೆದು ಎಡಗೈ, ಎಡಗಾಲು, ಮಾತು ಮೂರೂ ಹೋದವು. ಮಗಳು ವೀಲ್‌ಚೇರಿನಲ್ಲಿ ಕೂರಿಸಿ ಅದೇ ಆಸ್ಪತ್ರೆಗೆ ತಂದಳು. ಏನೋ ರಿಪೇರಿ ನೋಡಲು ಬಂದಿದ್ದ ನಾನು ದೂರದಿಂದಲೇ ನಿಲ್ಲಮ್ಮಾ ಅಂತ ಕೂಗಿದೆ. ಅಷ್ಟರಲ್ಲಿ ಮುಂದಿನ ಗಾಲಿ ಹೊಸಿಲಿಗೆ ಬಡಿದಿತ್ತು. ಅವರು ಮುಗ್ಗರಿಸಿ ಬಿದ್ದರು, ತಲೆ ನೆಲಕ್ಕೆ ಅಪ್ಪಳಿಸಿತು. ಓಡಿಹೋಗಿ ಎತ್ತುವಾಗ ನೋಡಿದೆ, ಆ ಬೋಳು ಹೆಬ್ಬೆರಳು ಹೊಸಿಲನ್ನು ತಡವುತ್ತಿತ್ತು. ಮೂರನೇ ದಿನ ಹೋಗಿಬಿಟ್ಟರು.

ಹೊಸಿಲನ್ನು ನಾನೇ ನಿಂತು ಕೀಳಿಸಿದೆ, ಯಾರನ್ನೂ ಕೇಳಲಿಲ್ಲ. ಈಗ ಎಲ್ಲಿ ಏನು ಕಟ್ಟಿದರೂ ಬಾಗಿಲ ನೆಲದ ಮೇಲೆ ಬೆರಳೆಳೆಯದೆ ಸಹಿ ಹಾಕುವುದಿಲ್ಲ. ಆ ಹೊಸಿಲು ಕಿತ್ತ ಜಾಗಕ್ಕೆ ಸಿಮೆಂಟು ತುಂಬಿಸಿ ಮೂರು ಸಲ ಉಜ್ಜಿಸಿದ್ದೇನೆ. ನನ್ನ ಬೆರಳು ಅಲ್ಲಿ ಇನ್ನೂ ತಡೆಯುತ್ತೆ.